ಸಂವಿಧಾನದಲ್ಲಿ ನ್ಯಾಯ ಮತ್ತು ಸಮತೋಲ: ಶಿರೂರು ಮಠದ ತೀರ್ಪು

(ಪುಣೆಯ ಶಾಖಾ ಮಠದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನ್ಯಾಯವೆಂದೊಡನೆ ಕಣ್ಣಮುಂದೆ ನಿಲ್ಲುವುದು ತಕ್ಕಡಿ. ಎರಡು ತಟ್ಟೆಗಳೂ ಸಮನಾಗಿ ನಿಂತರೆ ನ್ಯಾಯ ದೊರೆಯಿತೆಂದು ಭಾವಿಸುವುದು ವಾಡಿಕೆ. ಸಂವಿಧಾನದ ಸಮತೋಲ ಅಷ್ಟು ಸರಳವಾದುದಲ್ಲ. ರೈಲುಮಾರ್ಗದ ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ತುಸು ಎತ್ತರಿಸಿರುತ್ತಾರೆ. ಎರಡನ್ನೂ ಸಮವಾಗಿಟ್ಟರೆ ವೇಗದ ಗಾಡಿ ಹೊರಹಳಿಯನ್ನು ಒತ್ತುತ್ತದೆ. ಅತಿಯಾಗಿ ಎತ್ತರಿಸಿದರೆ ನಿಧಾನದ ಗಾಡಿಯ ಭಾರ ಒಳಹಳಿಯ ಮೇಲೆ ಬೀಳುತ್ತದೆ. ಎಲ್ಲಿ ಎಷ್ಟು ಎಂಬ ವಿವೇಕವೇ ಸಮತೋಲ. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಮೊಕದ್ದಮೆ ಇದಕ್ಕೆ ಉತ್ತಮ ನಿದರ್ಶನ.

ಆಗ ಉಡುಪಿಯು ಮದರಾಸು ರಾಜ್ಯಕ್ಕೆ ಸೇರಿತ್ತು. ಪರ್ಯಾಯವೆಂದರೆ ಎರಡು ವರ್ಷಗಳ ಕಾಲ ಶ್ರೀಕೃಷ್ಣನ ಪೂಜೆಯೊಡನೆ ಅನ್ನದಾನದ ಹೊಣೆಯೂ ಹೌದು. 1946-48ರ ಪರ್ಯಾಯದಲ್ಲಿ, ಬೆಲೆಯೇರಿಕೆಯ ಕಾಲದಲ್ಲಿ, ಮಠವು ಸಾಲಕ್ಕೆ ಸಿಲುಕಿತು. ದತ್ತಿ ಮಂಡಳಿಯು ಮಠದ ಆಡಳಿತಕ್ಕೆ ತನ್ನದೇ ಯೋಜನೆಯನ್ನು ವಿಧಿಸಲು ಮುಂದಾಯಿತು. ಶ್ರೀ ಲಕ್ಷ್ಮೀಂದ್ರತೀರ್ಥರು ನ್ಯಾಯಾಲಯದ ಮೊರೆಹೊಕ್ಕರು. ಅಷ್ಟರಲ್ಲಿ 1951ರ ಹೊಸ ಧಾರ್ಮಿಕ ದತ್ತಿ ಕಾಯಿದೆಯೂ ಬಂದಿತು.

1954ರ ಮಾರ್ಚ್ 16ರಂದು ಸರ್ವೋಚ್ಚ ನ್ಯಾಯಾಲಯದ 7 ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತಿತು. ಧರ್ಮವೆಂದರೆ ನಂಬಿಕೆ ಮಾತ್ರವಲ್ಲ, ಆಚರಣೆಯೂ ಧರ್ಮದ ಅಂಗವೇ ಎಂದು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರು ಬರೆದರು. ಯಾವ ಹೊತ್ತಿಗೆ ನೈವೇದ್ಯವಾಗಬೇಕೆಂಬುದು ಸಂಪ್ರದಾಯಕ್ಕೆ ಬಿಟ್ಟುದು; ಅದಕ್ಕೆ ತಗಲುವ ವೆಚ್ಚದ ಪ್ರಮಾಣವಾದರೋ ಆಸ್ತಿಯ ಆಡಳಿತಕ್ಕೆ ಸೇರಿದುದು, ಅದನ್ನು ಕಾನೂನು ನಿಯಂತ್ರಿಸಬಹುದು. ಅಧಿಕಾರಿಗಳು ನಿರ್ಬಂಧವಿಲ್ಲದೆ ಮಠದೊಳಗೆ ಪ್ರವೇಶಿಸುವ ಅಧಿಕಾರ ರದ್ದಾಯಿತು. ವಿವೇಕಿಯು ತನ್ನ ಸೊತ್ತನ್ನು ಕಾಯುವಷ್ಟೇ ಎಚ್ಚರದಿಂದ ಮಠದ ಸೊತ್ತನ್ನು ಕಾಯಬೇಕೆಂಬ ನಿಯಮ ಉಳಿಯಿತು.

ಎರಡೇ ದಿನಗಳ ಬಳಿಕ, ಪುಣೆಗೂ ಅನ್ವಯಿಸುವ 1950ರ ಮುಂಬಯಿ ಸಾರ್ವಜನಿಕ ಟ್ರಸ್ಟುಗಳ ಕಾಯಿದೆಯನ್ನು ಕುರಿತ ತೀರ್ಪು ಬಂದಿತು. ಅದನ್ನು ಬರೆದವರೂ ಮುಖರ್ಜಿಯವರೇ. ಮದರಾಸಿನ ಕಾಯಿದೆ ವಿಧಿಸಿದ್ದ, ಆದಾಯದ ಶೇ. 5ರವರೆಗಿನ ವಂತಿಗೆಯು ರಾಜ್ಯದ ಬೊಕ್ಕಸಕ್ಕೆ ಸೇರುತ್ತಿದ್ದುದರಿಂದ ತೆರಿಗೆಯೆನಿಸಿ ಅಸಿಂಧುವಾಗಿತ್ತು. ಮುಂಬಯಿಯ ವಂತಿಗೆಯು ಟ್ರಸ್ಟುಗಳ ಮೇಲ್ವಿಚಾರಣೆಗೆಂದೇ ಇರಿಸಿದ ಪ್ರತ್ಯೇಕ ನಿಧಿಗೆ ಹೋಗುತ್ತಿದ್ದುದರಿಂದ ಶುಲ್ಕವೆನಿಸಿ ಉಳಿಯಿತು. ಆದರೆ ಧರ್ಮಾದಾಯ ಆಯುಕ್ತರನ್ನೇ ಧಾರ್ಮಿಕ ಸಂಸ್ಥೆಯ ಟ್ರಸ್ಟಿಯಾಗಿ ನೇಮಿಸುವ ಅವಕಾಶ ಊರ್ಜಿತವಾಗಲಿಲ್ಲ. ಆ ಕಾಯಿದೆಗೆ ಇಂದು ಮಹಾರಾಷ್ಟ್ರದ ಹೆಸರಿದೆ.

ಈ ತೀರ್ಪುಗಳು ಮಠಕ್ಕೆ ಅರ್ಧ, ಸರ್ಕಾರಕ್ಕೆ ಅರ್ಧ ಎಂದು ಹಂಚಲಿಲ್ಲ. ಪ್ರತಿಯೊಂದು ವಿಷಯದ ಸ್ವರೂಪವನ್ನು ವಿಚಾರಿಸಿ, ಅದು ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಿಸಿದವು. ಮುಂದಿನ ದಶಕಗಳಲ್ಲಿ ಯಾವ ಆಚರಣೆ ಧರ್ಮಕ್ಕೆ ಅತ್ಯಗತ್ಯವೆಂಬುದನ್ನು ನ್ಯಾಯಾಲಯಗಳೇ ತೂಗತೊಡಗಿದವು. ಆದುದರಿಂದ ಗೆರೆ ಎಲ್ಲಿರಬೇಕೆಂಬ ಚರ್ಚೆ ಮುಗಿದಿಲ್ಲ.

ಭಕ್ತನೊಬ್ಬ ಹುಂಡಿಗೆ ಹಾಕುವ ಹತ್ತು ರೂಪಾಯಿಯಲ್ಲಿ ಎರಡು ನಿರೀಕ್ಷೆಗಳಿವೆ: ಪೂಜೆ ಸಂಪ್ರದಾಯದಂತೆ ನಡೆಯಲಿ, ಹಣ ಪೂಜೆಗೇ ಸಲ್ಲಲಿ. ಮೊದಲನೆಯದನ್ನು ಸರ್ಕಾರದಿಂದ ಕಾಪಾಡುವ ಸಂವಿಧಾನವೇ ಎರಡನೆಯದಕ್ಕೆ ಮಠದಿಂದ ಲೆಕ್ಕ ಕೇಳುತ್ತದೆ. ಲೆಕ್ಕವನ್ನು ಕೇಳುವ ಮೊದಲೇ ಒಪ್ಪಿಸುವ ಸಂಸ್ಥೆಗೆ ಕಾನೂನಿನ ಭಯವಿರುವುದಿಲ್ಲ.

ಶ್ರೀಕೃಷ್ಣಾರ್ಪಣಮಸ್ತು.