ನಮ್ಮ ಚಿತ್ರಗಳು ನಮ್ಮ ಮನೆಯಲ್ಲಿರಲಿ

(ಮುಂಬಯಿಯಲ್ಲಿ ಸಂಘದ ರಾಜ್ಯೋತ್ಸವದ ಅಂಗವಾಗಿ ಸೇರಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾಡುನುಡಿಗಳ ಹಿರಿಮೆಯನ್ನು ಕುರಿತು ಈ ವೇದಿಕೆಯ ಮೇಲೆ ಬಲ್ಲವರು ಹೇಳುತ್ತ ಬಂದಿದ್ದಾರೆ, ಇಂದೂ ಹೇಳಲಿದ್ದಾರೆ. ನನಗೆ ಅಧ್ಯಕ್ಷರು ಒಪ್ಪಿಸಿರುವುದು ಅದಕ್ಕಿಂತ ಚಿಕ್ಕ ವಿಷಯ. ನಮ್ಮ ಸಂಘದ ಜಾಲತಾಣದಲ್ಲಿ ಚಿತ್ರಗಳನ್ನು ಇಡುವುದು ಹೇಗೆ, ತೋರಿಸುವುದು ಹೇಗೆ ಎಂಬುದೇ ಆ ವಿಷಯ. ಇದನ್ನು ಕೇಳಿದ ಗೆಳೆಯರೊಬ್ಬರು, “ಇದರಲ್ಲಿ ಭಾಷಣ ಮಾಡುವುದಕ್ಕೆ ಏನಿದೆ? ಫೋಟೋ ಹಾಕಿದರಾಯಿತು” ಎಂದರು. ಹಿಂದೆ ನಾನೂ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆಗೆ ಸಂಘ ತೆತ್ತ ಬೆಲೆಯನ್ನು ಮೊದಲು ತಮ್ಮೆದುರು ಅರಿಕೆ ಮಾಡಿಕೊಳ್ಳುತ್ತೇನೆ.

2005ನೆಯ ಇಸವಿ ಜುಲೈ 26ನೆಯ ದಿನವನ್ನು ಈ ನಗರದಲ್ಲಿದ್ದವರು ಯಾರೂ ಮರೆತಿರಲಾರರು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಉಪನಗರದ ನಮ್ಮ ಕಚೇರಿ ಆಗ ನೆಲ ಅಂತಸ್ತಿನಲ್ಲಿತ್ತು. ಕಪಾಟಿನ ಕೆಳಗಿನ ಎರಡು ಅರೆಗಳಲ್ಲಿದ್ದ ಆಲ್ಬಮ್ಮುಗಳು ನೀರಿನಲ್ಲಿ ನಿಂತವು. ನಾಲ್ಕನೆಯ ದಿನ ಬಾಗಿಲು ತೆರೆದಾಗ ನಾಟಕ, ಹರಿದಾಸ ಹಬ್ಬ, ರಾತ್ರಿಶಾಲೆಯ ವಾರ್ಷಿಕೋತ್ಸವ ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದವು.

ಉಳಿದದ್ದನ್ನಾದರೂ ಉಳಿಸಿಕೊಳ್ಳೋಣವೆಂದು ತರುಣರು ಮುಂದೆ ಬಂದರು. ಸದಸ್ಯರ ಮನೆಗಳಿಂದಲೂ ಹಳೆಯ ಫೋಟೋಗಳನ್ನು ತರಿಸಿ, ಮುನ್ನೂರಕ್ಕೂ ಮಿಕ್ಕಿ ಚಿತ್ರಗಳನ್ನು ಸ್ಕ್ಯಾನ್ ಮಾಡಿದರು. ಹೊಸದಾಗಿ ಜಾಲತಾಣವೂ ಆಯಿತು. ಆಗ ಜಾಗದ ಬಾಡಿಗೆ ನಮಗೆ ಹೆಚ್ಚೆನಿಸಿದ್ದರಿಂದ, ಚಿತ್ರಗಳನ್ನು ಮಾತ್ರ ಬೇರೊಂದು ಪುಕ್ಕಟೆ ತಾಣದಲ್ಲಿ ಇರಿಸಿ, ನಮ್ಮ ಪುಟಗಳಲ್ಲಿ ಅವು ಕಾಣುವಂತೆ ಮಾಡಿದೆವು. ಆಗ ಕಾರ್ಯದರ್ಶಿಯಾಗಿದ್ದವನು ನಾನೇ. ಆ ಠರಾವಿಗೆ ಸಹಿ ಹಾಕಿದವನೂ ನಾನೇ.

ಕೆಲವು ವರ್ಷಗಳ ಅನಂತರ ಒಂದು ಸಂಜೆ ನಮ್ಮ ಹಿರಿಯ ಸದಸ್ಯೆಯೊಬ್ಬರು ದೂರವಾಣಿ ಮಾಡಿದರು. 1973ರಲ್ಲಿ, ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ವರ್ಷ, ಸಂಘ ಆಡಿದ ನಾಟಕದಲ್ಲಿ ಅವರ ಯಜಮಾನರು ಮುಖ್ಯ ಪಾತ್ರ ವಹಿಸಿದ್ದರು. ಆ ಚಿತ್ರವನ್ನು ಮೊಮ್ಮಗಳಿಗೆ ತೋರಿಸಲೆಂದು ಕುಳಿತರೆ ಬರಿಯ ಬೂದುಬಣ್ಣದ ಚೌಕವೊಂದು ಕಾಣುತ್ತಿದೆ ಎಂದರು. “ಮನೆಯಲ್ಲಿದ್ದ ಒಂದು ಪ್ರತಿಯನ್ನೂ ನಿಮ್ಮಲ್ಲೇ ಭದ್ರವಾಗಿರುತ್ತದೆ ಅಂತ ಕೊಟ್ಟಿದ್ದೆನಲ್ಲಪ್ಪ” ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಪುಕ್ಕಟೆ ತಾಣದವರು ತಮ್ಮ ನಿಯಮವನ್ನು ಬದಲಿಸಿದ್ದರು. ಹಣ ತೆರದವರ ಚಿತ್ರಗಳು ಇನ್ನು ಮೇಲೆ ಬೇರೆ ತಾಣಗಳಲ್ಲಿ ಕಾಣುವಂತಿಲ್ಲ. ನಮ್ಮ ಖಾತೆಯನ್ನು ತೆರೆದಿದ್ದ ಹುಡುಗ ತನ್ನ ಸ್ವಂತ ಮಿಂಚಂಚೆಯ ಹೆಸರಿನಲ್ಲಿ ತೆರೆದಿದ್ದ. ಆತ ಪರದೇಶಕ್ಕೆ ಹೋಗಿ ಆ ವಿಳಾಸವನ್ನೂ ಗುಪ್ತಪದವನ್ನೂ ಮರೆತಿದ್ದ. ಸ್ಕ್ಯಾನಿನ ಪ್ರತಿಗಳಿದ್ದ ಮೂರು ಸಿ.ಡಿ.ಗಳಲ್ಲಿ ಎರಡು ತೆರೆಯಲಿಲ್ಲ. ಆಮೇಲೆ ಮನೆಮನೆ ಅಲೆದು ಎಷ್ಟೋ ಚಿತ್ರಗಳನ್ನು ಮತ್ತೆ ಕೂಡಿಸಿದೆವಾದರೂ, ಆ ನಾಟಕದ ಚಿತ್ರವೂ ಸೇರಿದಂತೆ ಹಲವು ಸಿಗಲೇ ಇಲ್ಲ. ನೀರು ಒಯ್ದದ್ದಕ್ಕೆ ನಾವು ಹೊಣೆಯಲ್ಲ. ಎರಡನೆಯ ಸಲ ಹೋದದ್ದಕ್ಕೆ ನಾವೇ ಹೊಣೆ.

ಇದು ನಮಗೊಬ್ಬರಿಗೇ ಬಂದ ಪಾಡಲ್ಲ. ಜಗತ್ತಿನ ಲಕ್ಷಾಂತರ ಜನ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ 2009ರಲ್ಲಿ ಅಮೆರಿಕದಲ್ಲಿ ಬಾಗಿಲು ಹಾಕಿತು. ನಮ್ಮ ದೇಶದ ತರುಣರೆಲ್ಲ ಒಂದು ಕಾಲಕ್ಕೆ ನೆರೆದಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತುಹೋಯಿತು. ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ಇವರನ್ನು ದೂರುವುದರಲ್ಲಿ ಹುರುಳಿಲ್ಲ. ಬಾಡಿಗೆಯಿಲ್ಲದೆ ಇರಗೊಟ್ಟ ಮನೆಯೊಡೆಯ ಒಂದು ದಿನ ಮನೆ ಬಿಡಿ ಎಂದರೆ ನಮ್ಮ ಬಳಿ ಕರಾರುಪತ್ರವಾದರೂ ಎಲ್ಲಿದೆ? ಚಾಳಿನಲ್ಲಿ ಬಾಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನಮ್ಮ ಪುಟದಲ್ಲಿ ಚಿತ್ರ ಕಾಣುವುದು ಹೇಗೆ ಎಂಬುದನ್ನು ಸ್ವಲ್ಪ ನೋಡೋಣ. ಬರಹದ ನಡುವೆಯೇ ಚಿತ್ರವನ್ನು ತೋರಿಸುವ ಏರ್ಪಾಡು ಮೊಸಾಯಿಕ್ ಎಂಬ ಬ್ರೌಸರಿನ ಮೂಲಕ 1993ರಲ್ಲಿ ಬಳಕೆಗೆ ಬಂತು. ಅಂದಿನಿಂದ ಇಂದಿನವರೆಗೆ ಅದರ ಒಳಗುಟ್ಟು ಒಂದೇ. ಪುಟದೊಳಗೆ ಚಿತ್ರ ಇರುವುದಿಲ್ಲ. ಚಿತ್ರದ ವಿಳಾಸ ಮಾತ್ರ ಇರುತ್ತದೆ. ಓದುವವರ ಬ್ರೌಸರು ಆ ವಿಳಾಸಕ್ಕೆ ಹೋಗಿ ಚಿತ್ರವನ್ನು ತಂದು ಅಲ್ಲಿ ಕೂರಿಸುತ್ತದೆ. ವಿಳಾಸ ನಮ್ಮ ಮನೆಯದಾದರೆ ಬಾಗಿಲ ಬೀಗದಕೈ ನಮ್ಮಲ್ಲಿರುತ್ತದೆ. ಪರರ ಮನೆಯದಾದರೆ ಅವರು ಬೀಗ ಹಾಕಿದ ದಿನ ನಮ್ಮ ಗೋಡೆಯ ಮೇಲೆ ಮೊಳೆ ಮಾತ್ರ ಉಳಿಯುತ್ತದೆ. ಇದೇ ಕಾರಣಕ್ಕೆ ನಾವೂ ಬೇರೆಯವರ ತಾಣದ ಚಿತ್ರದ ವಿಳಾಸವನ್ನು ನಮ್ಮ ಪುಟದಲ್ಲಿ ಹಾಕಬಾರದು. ನಮ್ಮ ಓದುಗರು ನೋಡಿದಾಗಲೆಲ್ಲ ಅದರ ಖರ್ಚು ಅವರ ಲೆಕ್ಕಕ್ಕೆ ಬೀಳುತ್ತದೆ. ಅದು ಪಕ್ಕದ ಮನೆಯ ತಂತಿಯಿಂದ ದೀಪ ಹಚ್ಚಿಕೊಂಡಂತೆ.

ಆದುದರಿಂದ ಮೊದಲನೆಯ ಮಾತು: ಹೆಸರೂ ಜಾಗವೂ ನಮ್ಮದಾಗಿರಬೇಕು. ಹೆಸರೆಂದರೆ ಡೊಮೈನ್, ಜಾಗವೆಂದರೆ ಸರ್ವರಿನಲ್ಲಿ ಬಾಡಿಗೆಗೆ ಪಡೆದ ಸ್ಥಳ. ಎರಡಕ್ಕೂ ವರ್ಷ ವರ್ಷ ಹಣ ಕಟ್ಟಬೇಕು, ನಿಜ. ಈಗ ನಮ್ಮ ಸಂಘಕ್ಕೆ ಎರಡೂ ಸೇರಿ ಬೀಳುವ ಖರ್ಚು ಈ ಸಭೆಯ ಹೂಹಾರದ ಖರ್ಚಿಗಿಂತ ಕಡಿಮೆ ಎಂದು ಕೋಶಾಧಿಕಾರಿಗಳು ಲೆಕ್ಕ ತೋರಿಸಿದ್ದಾರೆ. ಖಾತೆ ಸಂಘದ ಹೆಸರಿನಲ್ಲಿ, ಸಂಘದ ಮಿಂಚಂಚೆಯಲ್ಲಿರಬೇಕು. ಹಣ ಕಟ್ಟುವ ಗಡುವನ್ನೂ ಬೀಗದಕೈ ಯಾರ ಯಾರ ಬಳಿ ಇದೆಯೆಂಬುದನ್ನೂ ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು. ನಾಳೆ ಜಾಗ ಕೊಟ್ಟವರು ಸರಿಬೀಳದಿದ್ದರೆ ನಮ್ಮ ಹೆಸರನ್ನೂ ಕಡತಗಳನ್ನೂ ಎತ್ತಿಕೊಂಡು ಬೇರೆ ಕಡೆ ಹೋಗಬಹುದು. ನಮ್ಮ ವಿಳಾಸ ಬದಲಾಗುವುದಿಲ್ಲ.

ಎರಡನೆಯದು, ಅಳತೆ. ಇಂದಿನ ಸಾಧಾರಣ ಫೋನಿನಲ್ಲಿ ತೆಗೆದ ಚಿತ್ರ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕೆಗಳಷ್ಟು ಇರುತ್ತದೆ; ತೂಕ ಸುಮಾರು 4 ಮೆಗಾಬೈಟ್. ಅಂಥ 40 ಚಿತ್ರಗಳನ್ನು ಹಾಗೆಯೇ ಒಂದು ಪುಟದಲ್ಲಿ ಇಟ್ಟರೆ 160 ಮೆಗಾಬೈಟ್ ಆಯಿತು. ಲೋಕಲ್ ಗಾಡಿಯಲ್ಲಿ ನಿಂತು ಫೋನಿನಲ್ಲಿ ನೋಡುವ ನಮ್ಮ ಹುಡುಗರಿಗೆ ದಾದರಿನಿಂದ ಠಾಣೆ ಬಂದರೂ ಪುಟ ತೆರೆದಿರುವುದಿಲ್ಲ. ಅದೇ ಚಿತ್ರವನ್ನು 1200 ಚುಕ್ಕೆಗಳ ಅಗಲಕ್ಕೆ ಇಳಿಸಿದರೆ ತೂಕ 200 ಕಿಲೋಬೈಟಿನ ಆಸುಪಾಸಿಗೆ ಬರುತ್ತದೆ. ಪರದೆಯ ಮೇಲೆ ಕಣ್ಣಿಗೆ ಹೆಚ್ಚು ವ್ಯತ್ಯಾಸ ತೋರದು. ನಲವತ್ತೂ ಸೇರಿ 8 ಮೆಗಾಬೈಟ್. ಜೊತೆಗೆ, ಓದುವವರು ಕೆಳಗೆ ಸರಿದಂತೆಲ್ಲ ಚಿತ್ರಗಳು ಒಂದೊಂದಾಗಿ ಬರುವಂತೆಯೂ ಮಾಡಬಹುದು.

ಇಲ್ಲೊಂದು ಎಚ್ಚರಿಕೆ. ಇಳಿಸಿದ ಪ್ರತಿ ತೋರಿಸುವುದಕ್ಕೆ ಮಾತ್ರ, ಮೂಲಪ್ರತಿಯನ್ನು ಮುಟ್ಟಬಾರದು. ದೇವಸ್ಥಾನಗಳಲ್ಲಿ ಮೂಲವಿಗ್ರಹ ಗರ್ಭಗುಡಿಯಲ್ಲಿರುತ್ತದೆ, ಬೀದಿಗೆ ಬರುವುದು ಉತ್ಸವಮೂರ್ತಿ. ಇಲ್ಲಿಯೂ ಹಾಗೆಯೇ. ಫೋಟೋಗಳಿಗೆ ಜೆಪೆಗ್ ಎಂಬ ರೂಪ ಒಳ್ಳೆಯದು. ವೆಬ್‌ಪಿ ಎಂಬುದು ಇನ್ನೂ ಹಗುರ. ಆದರೆ ಜೆಪೆಗ್ಗನ್ನು ತಿದ್ದಿ ತಿದ್ದಿ ಉಳಿಸಿದಂತೆಲ್ಲ ಚಿತ್ರ ಸವೆಯುತ್ತದೆ. ಲಾಂಛನ, ನಕ್ಷೆ, ಗೆರೆಚಿತ್ರ ಇಂಥವಕ್ಕೆ ಪಿಎನ್‌ಜಿ ಹೊಂದುತ್ತದೆ. ಹಳೆಯ ಫೋಟೋವನ್ನು ಸ್ಕ್ಯಾನ್ ಮಾಡುವಾಗ ಅಂಗುಲಕ್ಕೆ 600 ಚುಕ್ಕೆಗಳಂತೆ ಮಾಡಿ ಟಿಫ್ ರೂಪದಲ್ಲಿ ಮೂಲವನ್ನು ಇಡಿ. 4 ಅಂಗುಲ 6 ಅಂಗುಲದ ಫೋಟೋ ಆಗ 2400ಕ್ಕೆ 3600 ಚುಕ್ಕೆಗಳಾಗಿ, ಗುಂಪಿನ ಕಡೆಯ ಸಾಲಿನವರ ಮುಖವೂ ಗುರುತು ಸಿಗುತ್ತದೆ. ವಾಟ್ಸಾಪಿನಲ್ಲಿ ಮಾಮೂಲಾಗಿ ಕಳಿಸಿದ ಚಿತ್ರ ದಾರಿಯಲ್ಲೇ ಕುಗ್ಗಿಹೋಗುತ್ತದೆ. ಅದನ್ನೇ ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದಂತೆ ಬರುತ್ತದೆ.

ಮೂರನೆಯದು, ಹೆಸರು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಆ ಹಿರಿಯ ತಾಯಿಯವರ ಸಂಗತಿ ಇನ್ನೂ ಸ್ವಲ್ಪ ಉಳಿದಿದೆ. ಡೊಂಬಿವಲಿಯಲ್ಲಿ ಅದೇ ನಾಟಕದ ಇನ್ನೊಬ್ಬ ನಟರ ಮನೆಯ ಆಲ್ಬಮ್ಮಿನಲ್ಲಿ ಒಂದು ಚಿತ್ರ ಸಿಕ್ಕಿತು. ರಂಗದ ಮೇಲೆ ನಾಲ್ವರಿದ್ದಾರೆ. ಅಂಚಿನಲ್ಲಿ, ಪರದೆಯ ಪಕ್ಕ, ಕೈಯಲ್ಲಿ ಕಾಗದದ ಕಟ್ಟು ಹಿಡಿದು ಅರ್ಧ ಮಾತ್ರ ಕಾಣುವವರೊಬ್ಬರಿದ್ದಾರೆ. ಅದನ್ನು ಅವರ ಮುಂದಿಟ್ಟೆವು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿ, “ಇವರೇ. ತಮ್ಮ ಮಾತು ಮುಗಿದ ಮೇಲೆ ಉಳಿದವರಿಗೆ ಹೇಳಿಕೊಡಲು ಅಲ್ಲಿ ನಿಲ್ಲುತ್ತಿದ್ದರು” ಎಂದರು. ಆ ಅರ್ಧ ಮುಖಕ್ಕೆ ಹೆಸರು ಹೇಳಬಲ್ಲವರು ಈ ಮುಂಬಯಿಯಲ್ಲಿ ಅವರೊಬ್ಬರೇ ಇದ್ದರು. ಎರಡು ವರ್ಷ ತಡವಾಗಿದ್ದರೆ ಅದು ಯಾರದೋ ಚಿತ್ರವಾಗಿ ಹೋಗುತ್ತಿತ್ತು. ಈಗ ಅವರೂ ನಮ್ಮೊಡನಿಲ್ಲ.

ಆದುದರಿಂದ ಪ್ರತಿಯೊಂದು ಚಿತ್ರದ ಕೆಳಗೂ ಯಾರು, ಎಲ್ಲಿ, ಯಾವ ವರ್ಷ, ಕೊಟ್ಟವರು ಯಾರು ಎಂಬುದು ಕನ್ನಡದಲ್ಲಿರಲಿ. ಅದನ್ನು ಚಿತ್ರದ ಮೇಲೆಯೇ ಅಚ್ಚೊತ್ತಬೇಡಿ. ಪುಟದಲ್ಲಿ ಯೂನಿಕೋಡ್ ಅಕ್ಷರಗಳಲ್ಲಿ ಬರೆಯಿರಿ. ಹಳೆಯ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬರೆದರೆ ಹುಡುಕುವ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯದು. ಇದಲ್ಲದೆ, ಚಿತ್ರದ ವಿಳಾಸದ ಜೊತೆಗೆ ‘ಆಲ್ಟ್’ ಎಂಬ ಕಡೆ ಒಂದು ಸಾಲಿನ ವರ್ಣನೆ ಬರೆಯಲು ಅವಕಾಶವಿದೆ. ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುತ್ತದೆ. ಅಲ್ಲಿ ಸುಮ್ಮನೆ ‘ಚಿತ್ರ’ ಎಂದು ಬರೆಯುವುದು ಅವರನ್ನು ಸಭೆಗೆ ಕರೆದು ಬಾಗಿಲಲ್ಲಿ ನಿಲ್ಲಿಸಿದಂತೆ. ಕಡತದ ಹೆಸರನ್ನು ಮಾತ್ರ ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ವರ್ಷ, ಸಂದರ್ಭ, ಕ್ರಮಸಂಖ್ಯೆ ಈ ಕ್ರಮದಲ್ಲಿ ಇಟ್ಟರೆ ಮುಂದೆ ಹುಡುಕಲು ಸುಲಭ.

ನಾಲ್ಕನೆಯದು, ಮರ್ಯಾದೆ. ಮಕ್ಕಳ ಚಿತ್ರವನ್ನು ತಂದೆತಾಯಿಗಳನ್ನು ಕೇಳದೆ ಹಾಕಕೂಡದು. ಯಾರಾದರೂ ತೆಗೆಯಿರಿ ಎಂದರೆ ಕಾರಣ ಕೇಳದೆ ತೆಗೆಯಬೇಕು. ಫೋನು ಚಿತ್ರದೊಳಗೆ ಅದನ್ನು ತೆಗೆದ ಸ್ಥಳವನ್ನೂ ಗುಪ್ತವಾಗಿ ಬರೆದಿಟ್ಟಿರುವುದುಂಟು. ಮನೆಯ ಸಮಾರಂಭದ ಚಿತ್ರವಾದರೆ ಮನೆ ಎಲ್ಲಿದೆ ಎಂಬುದೇ ಹೊರಬೀಳುತ್ತದೆ. ಅಳತೆ ಇಳಿಸುವಾಗ ಆ ಮಾಹಿತಿಯನ್ನು ಅಳಿಸಿಬಿಡಬೇಕು. ಇನ್ನು ಹಕ್ಕಿನ ಮಾತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಛಾಯಾಚಿತ್ರದ ಹಕ್ಕು ಅದನ್ನು ತೆಗೆದವರ ಜೀವಿತಕಾಲವಿಡೀ, ಅವರು ತೀರಿಕೊಂಡ ಮರುವರ್ಷದ ಆರಂಭದಿಂದ ಮತ್ತೆ 60 ವರ್ಷ ಇರುತ್ತದೆ. ಹಣ ಕೊಟ್ಟು ತೆಗೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ಆದರೂ ತೆಗೆದವರ ಹೆಸರು ತಿಳಿದಿದ್ದರೆ ಹಾಕುವುದು ಸೌಜನ್ಯ.

ಕಡೆಯದು, ಪ್ರತಿಗಳು. ಜಾಲತಾಣದಲ್ಲಿ ಇಟ್ಟಾಯಿತು, ಇನ್ನು ಚಿಂತೆಯಿಲ್ಲ ಎಂಬುದು ಭ್ರಮೆ. ಅದು ತೋರಿಸುವ ಜಗಲಿಯೇ ಹೊರತು ಪೆಟ್ಟಿಗೆಯಲ್ಲ. ಮೂಲಗಳ ಮೂರು ಪ್ರತಿಗಳಿರಲಿ. ಎರಡು ಬಗೆಯ ಸಾಧನಗಳಲ್ಲಿರಲಿ. ಒಂದಾದರೂ ಬೇರೆ ಊರಿನಲ್ಲಿರಲಿ. ನಮ್ಮದು ಈಗ ಒಂದು ಪ್ರತಿ ಇಲ್ಲಿದೆ, ಒಂದು ಸರ್ವರಿನ ಬೇರೆ ಜಾಗದಲ್ಲಿದೆ, ಇನ್ನೊಂದು ಹುಬ್ಬಳ್ಳಿಯಲ್ಲಿ ನಮ್ಮ ಸದಸ್ಯರೊಬ್ಬರ ತಂಗಿಯ ಮನೆಯ ಕಪಾಟಿನಲ್ಲಿ, ಮೇಲಿನ ಅರೆಯಲ್ಲಿದೆ. ಮೇಲಿನ ಅರೆ ಎಂದು ನಾನೇ ಒತ್ತಿ ಹೇಳಿದ್ದೇನೆ. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಅರಿಸಿನ ಕುಂಕುಮ ಇಡುವ ನಾವು, ಅಂದೇ ಈ ಪ್ರತಿಗಳನ್ನು ತೆರೆದು ನೋಡುವ ಪದ್ಧತಿಯನ್ನೂ ಹಾಕಿಕೊಂಡಿದ್ದೇವೆ. ತೆರೆಯದ ಡಿಸ್ಕಿಗೆ ಎಷ್ಟು ಹೂವೇರಿಸಿದರೇನು?

ಇನ್ನು ನನ್ನ ವಿನಂತಿ. ಊರು ಬಿಟ್ಟು ಬಂದವರಿಗೆ ಊರಿನವರ ಹಾಗೆ ಗುಡಿ, ಕೆರೆ, ಮನೆತನದ ಜಗಲಿ ಎಂಬ ಸಾಕ್ಷಿಗಳಿಲ್ಲ. ನಾವು ಇಲ್ಲಿ ಬಾಳಿದೆವು, ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದೆವು, ನಾಟಕ ಆಡಿದೆವು ಎಂಬುದಕ್ಕೆ ಉಳಿದಿರುವುದು ಈ ಚಿತ್ರಗಳೇ. ತಮ್ಮ ಮನೆಗಳಲ್ಲಿ ಟ್ರಂಕಿನ ತಳದಲ್ಲಿ, ದೇವರ ಗೂಡಿನ ಹಿಂದೆ ಇರುವ ಫೋಟೋಗಳನ್ನು ಮುಂದಿನ ಭಾನುವಾರ ತನ್ನಿ. ತಮ್ಮೆದುರಿಗೇ ಸ್ಕ್ಯಾನ್ ಮಾಡಿ, ಮೂಲವನ್ನು ಅಲ್ಲಿಯೇ ತಮ್ಮ ಕೈಗೆ ಹಿಂದಿರುಗಿಸುತ್ತೇವೆ. ಯಾರ ಒಂದೇ ಪ್ರತಿಯನ್ನೂ ಇನ್ನು ಮುಂದೆ ಸಂಘ ಇಟ್ಟುಕೊಳ್ಳುವುದಿಲ್ಲ. ಬರುವಾಗ ಮನೆಯ ಹಿರಿಯರನ್ನೂ ಕರೆತನ್ನಿ. ಅವರು ಹೆಸರು ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ಕನ್ನಡ ಬರೆಯಲು ಬಾರದ ಮಕ್ಕಳಿದ್ದರೆ ಅಂದು ಅಜ್ಜಿಯ ಹೆಸರಿನಿಂದಲೇ ಆರಂಭಿಸಬಹುದು.