ವಾಚನಾಲಯಕ್ಕೆ ಸದ್ದಿಲ್ಲದ ಸರ್ವರ್
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉಗರಗೋಳದ ನಮ್ಮ ವಾಚನಾಲಯದ ಮೂಲೆಯಲ್ಲಿ ಹಗಲು-ರಾತ್ರಿ ಓಡುವ ಹಳೆಯ ಕಂಪ್ಯೂಟರನ್ನು ತಾವೆಲ್ಲ ನೋಡಿದ್ದೀರಿ. ಅದೇ ನಮ್ಮ ಸರ್ವರ್. ಹಳೆಯ ಪ್ರಶ್ನೆಪತ್ರಿಕೆಗಳು, ಸ್ಕ್ಯಾನ್ ಮಾಡಿದ ಉರ್ದು-ಕನ್ನಡ ಪುಸ್ತಕಗಳು, ವಿದ್ಯಾರ್ಥಿವೇತನದ ಅರ್ಜಿಗಳ ನಕಲುಗಳು ಅದರಲ್ಲಿವೆ. ಇಂಟರ್‌ನೆಟ್ ಇಲ್ಲದಾಗಲೂ ಮಕ್ಕಳು ವೈ-ಫೈ ಮೂಲಕ ಪುಸ್ತಕಗಳನ್ನು ತೆರೆದು ಓದುತ್ತಾರೆ. ಈಗ ಅದಕ್ಕೆ ವಯಸ್ಸಾಗಿದೆ. ಫ್ಯಾನಿನ ಸದ್ದಿಗೆ ಓದುವವರ ಗಮನ ಚದುರುತ್ತದೆ. ಅದರ ಬದಲಿಗೆ ಏನು ತರಬೇಕು ಎಂಬುದೇ ಇಂದಿನ ಪ್ರಶ್ನೆ.

ಮೊದಲು ಕೆಲಸವನ್ನು ಅಳೆಯಬೇಕು, ಆಮೇಲೆ ಯಂತ್ರವನ್ನು. ಪುಸ್ತಕ ಹಂಚಲು ದೊಡ್ಡ ಶಕ್ತಿ ಬೇಕಿಲ್ಲ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಜನಸ್ತು ಸಂಸ್ಥೆಯವರು ಅಂಗೈಯಗಲದ ರಾಸ್‌ಬೆರಿ ಪೈ ಬಳಸಿ ಊರವರದೇ ವೈ-ಫೈ ಜಾಲದಲ್ಲಿ ಸ್ಥಳೀಯ ಸರ್ವರ್ ನಡೆಸಿದ್ದಾರೆ. 2012ರಲ್ಲಿ ಬಂದ ಆ ಪುಟ್ಟ ಕಂಪ್ಯೂಟರ್ ಇಂಥ ಕೆಲಸಕ್ಕೆ ಸಾಲುತ್ತದೆ.

ಎರಡನೆಯದು ಕರೆಂಟು. ಹಳೆಯ ಯಂತ್ರ 80 ವಾಟ್ ಎಳೆಯುತ್ತದೆ ಎಂದು ಹಿಡಿಯೋಣ. ವರ್ಷವಿಡೀ ಓಡಿದರೆ ಸುಮಾರು 700 ಯೂನಿಟ್ ಆಯಿತು. 10 ವಾಟಿನ ಯಂತ್ರಕ್ಕೆ 88 ಯೂನಿಟ್ ಸಾಕು. ಉಳಿಯುವ 600ಕ್ಕೂ ಹೆಚ್ಚು ಯೂನಿಟ್‌ಗಳ ಹಣ ಹೆಸ್ಕಾಂ ಬಿಲ್ಲಿಗೆ ಹೋಗುವ ಬದಲು ಪುಸ್ತಕಕ್ಕೆ ಹೋಗಲಿ. ಕರೆಂಟು ಹೋದಾಗ ಅದೇ ಯುಪಿಎಸ್ ಹೆಚ್ಚು ಹೊತ್ತು ಬಾಳುತ್ತದೆ. ನಮ್ಮ ಧರ್ಮದಲ್ಲಿ ಇಸ್ರಾಫ್, ಅಂದರೆ ದುಂದುವೆಚ್ಚ, ಸಲ್ಲದು.

ನಮ್ಮ ಮುಂದೆ ಮೂರು ದಾರಿಗಳಿವೆ. ರಾಸ್‌ಬೆರಿ ಪೈ ಅತಿ ಚಿಕ್ಕದು; ಆದರೆ ಮೆಮೊರಿ ಕಾರ್ಡಿನ ಮೇಲೆ ಸದಾ ಬರೆಯುತ್ತಿದ್ದರೆ ಕಾರ್ಡು ಬೇಗ ಸವೆಯುತ್ತದೆ. ಎರಡನೆಯದು, 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್ಪಿನ ಮಿನಿ ಕಂಪ್ಯೂಟರ್. ಇದರಲ್ಲಿ ಫ್ಯಾನ್ ಇಲ್ಲದ ಮಾದರಿಗಳೂ ಸಿಗುತ್ತವೆ. ಮೂರನೆಯದು, ಕಚೇರಿಗಳು ಬಳಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಮಿನಿ ಕಂಪ್ಯೂಟರುಗಳು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದನ್ನು ನಂಬಿದ್ದ ಹಳೆಯ ಯಂತ್ರಗಳ ಮೇಲೆ ಉಚಿತ ಲಿನಕ್ಸ್ ಚೆನ್ನಾಗಿ ನಡೆಯುತ್ತದೆ. ಅವುಗಳ ಸಣ್ಣ ಫ್ಯಾನ್ ಹಗುರ ಕೆಲಸದಲ್ಲಿ ಹೆಚ್ಚು ಸದ್ದು ಮಾಡುವುದಿಲ್ಲ.

ನನ್ನ ಸಲಹೆ ಫ್ಯಾನ್ ಇಲ್ಲದ ಮಿನಿ ಕಂಪ್ಯೂಟರ್. ತಿರುಗುವ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲಿ. ಅದರಲ್ಲಿ ಚಲಿಸುವ ಭಾಗವಿಲ್ಲ, ಸದ್ದೂ ಇಲ್ಲ. ಗುಡ್ಡದ ಜಾತ್ರೆಯ ದಿನಗಳಲ್ಲಿ ರಸ್ತೆಯ ಧೂಳು ಕೋಣೆಯೊಳಗೂ ಬರುತ್ತದೆ. ಫ್ಯಾನ್ ಇಲ್ಲದ ಯಂತ್ರ ಆ ಧೂಳನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಆದರೆ ಅದರ ಮೈಯೇ ಬಿಸಿಯನ್ನು ಹೊರಗೆ ಬಿಡಬೇಕು. ಆದ್ದರಿಂದ ಅದನ್ನು ಅಲ್ಮಾರಿಯಲ್ಲಿ ಮುಚ್ಚಿಡದೆ ಗಾಳಿಯಾಡುವ ಕಡೆ ಇಡಬೇಕು.

ಕೊನೆಯದಾಗಿ ಬಹು ಮುಖ್ಯವಾದ ಮಾತು. ಯಂತ್ರ ಕೆಟ್ಟರೆ ಮತ್ತೊಂದನ್ನು ಕೊಳ್ಳಬಹುದು. ಬಡ ಹುಡುಗಿಯೊಬ್ಬಳ ಅರ್ಜಿಯ ದಾಖಲೆ ಕಳೆದರೆ ಅವಳ ಒಂದು ವರ್ಷ ಹೋಗಬಹುದು. ಆ ದಾಖಲೆಗಳು ನಮ್ಮ ಬಳಿ ಇರುವ ಅಮಾನತ್ತು. ಹೀಗಾಗಿ ಎಲ್ಲ ಹಣವನ್ನೂ ಯಂತ್ರಕ್ಕೆ ಸುರಿಯದೆ ಎರಡು ಹೊರ ಡಿಸ್ಕುಗಳನ್ನು ಕೊಳ್ಳೋಣ. ಪ್ರತಿ ವಾರ ನಕಲು ತೆಗೆದು ಒಂದನ್ನು ಬೇರೆ ಕಟ್ಟಡದಲ್ಲಿ ಇಡೋಣ. ನಕಲು ತೆರೆಯುತ್ತದೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸೋಣ. ಅರ್ಜಿಗಳಿಗೆ ಬೇರೆ ಪಾಸ್‌ವರ್ಡ್ ಇರಲಿ. ಈ ಕೆಲಸವನ್ನು ಪಿಯುಸಿಯ ಇಬ್ಬರು ವಿದ್ಯಾರ್ಥಿಗಳಿಗೆ ಕಲಿಸಿದರೆ ಅದೂ ಒಂದು ಪಾಠವೇ. ಆದರೆ ಅರ್ಜಿಗಳ ಪಾಸ್‌ವರ್ಡ್ ಕಾರ್ಯದರ್ಶಿಗಳ ಬಳಿಯೇ ಇರಲಿ.

ಈ ಸಲಹೆಯನ್ನು ಕಾರ್ಯಕಾರಿ ಸಮಿತಿ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ಅಲ್ಲಾಹನು ನಮ್ಮ ಮಕ್ಕಳ ವಿದ್ಯೆಯಲ್ಲಿ ಬರಕತ್ ನೀಡಲಿ.