ಅಳೆಯುವವರು, ಊರಲ್ಲಿ ಉಳಿಯುವವರು

ಚಿತ್ರದುರ್ಗ ಪೇಟೆಯ ದಕ್ಷಿಣಕ್ಕೆ ಸುಮಾರು ಹತ್ತು ಕಿಲೋಮೀಟರು ದೂರದಲ್ಲಿ ಜೋಗಿಮಟ್ಟಿಯ ಗುಡ್ಡಸಾಲು ಇದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಹರಡಿರುವ ಈ ಕಾಡು 2015ರಲ್ಲಿ ವನ್ಯಜೀವಿಧಾಮವಾಯಿತು. ವಿಸ್ತೀರ್ಣ ಸುಮಾರು 100 ಚದರ ಕಿಲೋಮೀಟರು. ಚಿರತೆ, ಕರಡಿ, ನವಿಲುಗಳ ನೆಲೆ. ಬುಡದ ಹಳ್ಳಿಗಳಿಗೆ ಇದೇ ಸೌದೆಯ ದಾರಿ, ಮೇವಿನ ಗುಡ್ಡ, ಮಳೆನೀರು ಇಳಿದು ಕೆರೆ ಸೇರುವ ಜಲಾನಯನ. ಇಲ್ಲಿ ನೆಲ ಅರಣ್ಯ ಇಲಾಖೆಯದು. ಮಣ್ಣು, ನೀರು, ಗಿಡವನ್ನು ಅಳೆಯುವ ವಿದ್ಯೆ ವಿಶ್ವವಿದ್ಯಾಲಯದ್ದು. ಊರಿನ ಜಗಲಿಯಲ್ಲಿ ಕೂತು ಮಾತು ಕೇಳುವ ಪುರಸೊತ್ತು, ಇದ್ದರೆ, ಸ್ವಯಂಸೇವಾ ಸಂಸ್ಥೆಯದು. ಸುಸ್ಥಿರ ಅಭಿವೃದ್ಧಿ ಎಂಬ ಭಾರದ ಮಾತು ಈ ಜಿಲ್ಲೆಯಲ್ಲಿ ಬಹುಮಟ್ಟಿಗೆ ನೀರಿನ ಮಾತೇ. ಅದನ್ನು ಈ ಮೂವರಲ್ಲಿ ಯಾರೂ ಒಬ್ಬರೇ ನಿಭಾಯಿಸಲಾರರು.

ವಿಶ್ವವಿದ್ಯಾಲಯ ಹಳ್ಳಿಗೆ ಹೋಗಬೇಕೆಂಬುದು ಹೊಸ ವಿಚಾರವಲ್ಲ. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಆರಂಭವಾದಾಗಲೇ ಬೋಧನೆ, ಸಂಶೋಧನೆಗಳ ಜೊತೆಗೆ ವಿಸ್ತರಣೆಯೂ ಅದರ ಹೊಣೆಯಾಗಿತ್ತು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಬಂತು, 2014ರಲ್ಲಿ ಉನ್ನತ ಭಾರತ ಅಭಿಯಾನ. ಆದರೆ ಸೇವಾ ಯೋಜನೆಯ ಏಳು ದಿನದ ಶಿಬಿರದಲ್ಲಿ ನೆಟ್ಟ ಸಸಿಗೆ ಎಂಟನೆಯ ದಿನ ನೀರು ಹಾಕುವವರು ಊರಿನವರೇ. ಅವರನ್ನು ಮೊದಲೇ ಕೇಳಿದ್ದರೆ ಸಸಿ ಬೇರೆಯದಾಗಿರುತ್ತಿತ್ತೋ ಏನೋ.

ಕೇಳುವುದು ಎಂದರೇನು ಎಂಬುದಕ್ಕೆ ಕರ್ನಾಟಕದಲ್ಲಿ ಒಳ್ಳೆಯ ಪಾಠ ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಹುಟ್ಟುಹಾಕಿದ ‘ಅಸ್ತ್ರ’ ತಂಡ, ಇಡೀ ಊರಿಗೆ ಒಂದೇ ಸಗಣಿ ಅನಿಲ ಸ್ಥಾವರ ಕಟ್ಟಿ ಅಡುಗೆಗೆ ಅನಿಲ ಕೊಡಲು ಹೊರಟಿತು. ಅಡುಗೆಗೆ ಅನಿಲ ಸಾಲಲಿಲ್ಲ. ಸೌದೆಯಂತೂ ಕಾಸಿಲ್ಲದೆ ಸಿಗುತ್ತಿತ್ತು. ಊರಿಗೆ ಬೇಕಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ಕೊಳವೆಬಾವಿಯ ನೀರೆತ್ತಿ, ಮನೆಗಳಿಗೆ ದೀಪ ಕೊಟ್ಟ ಮೇಲೆ ಯೋಜನೆ ಊರಿನದಾಯಿತು. ಸಗಣಿ ತಂದವರಿಗೆ ಕೆಜಿಗೆ ಎರಡು ಪೈಸೆ. ಅನಿಲ ತೆಗೆದ ಮೇಲಿನ ಬಗ್ಗಡ ಗೊಬ್ಬರವಾಗಿ ವಾಪಸು. ಲೆಕ್ಕವನ್ನು ಊರಿನ ಸಭೆಯೇ ನೋಡಿಕೊಂಡಿತು. ಇಲ್ಲಿ ಸೋತದ್ದು ತಂತ್ರಜ್ಞಾನವಲ್ಲ, ಮೊದಲು ಹಾಕಿಕೊಂಡ ಪ್ರಶ್ನೆ. ಅದೇ ತಂಡದ ಅಸ್ತ್ರ ಒಲೆ ಪ್ರಯೋಗಶಾಲೆಯಿಂದ ಹೊರಬಂದು ಸಾವಿರಾರು ಅಡುಗೆಮನೆ ಮುಟ್ಟಬೇಕಾದಾಗ ಬೇರೆ ಜನ ಬೇಕಾಯಿತು. ಒಲೆಗಳ ಕೆಲಸವನ್ನು ಮುಂದೆ ಕೈಗೆತ್ತಿಕೊಂಡವುಗಳಲ್ಲಿ 1993ರಲ್ಲಿ ಶುರುವಾದ ‘ಟೈಡ್’ ಎಂಬ ಲಾಭರಹಿತ ಸಂಸ್ಥೆಯೂ ಒಂದು.

ಬಿಳಿಗಿರಿರಂಗನ ಬೆಟ್ಟದ ಅನುಭವ ಜೋಗಿಮಟ್ಟಿಗೆ ಇನ್ನೂ ಹತ್ತಿರದ್ದು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅಲ್ಲಿನ ಆದಿವಾಸಿಗಳಾದ ಸೋಲಿಗರ ನಡುವೆ ನೆಲೆನಿಂತಿತ್ತು. ತೊಂಬತ್ತರ ದಶಕದಲ್ಲಿ ಸಂಶೋಧಕರು ಬಂದು ಸೋಲಿಗರ ಜೊತೆ ನೆಲ್ಲಿಕಾಯಿ ಕೊಯ್ಲನ್ನು ಅಳೆಯತೊಡಗಿದರು. ಈ ಸಂಶೋಧನೆಯನ್ನು ಮುಂದುವರಿಸಿದ ‘ಏಟ್ರೀ’ ಸಂಸ್ಥೆ 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ನೆಲ್ಲಿಮರಗಳನ್ನು ಬದನಿಕೆ ತಿನ್ನುತ್ತಿದೆ, ಹಿಂದೆ ತರಗಿಗೆ ಹಚ್ಚುತ್ತಿದ್ದ ಬೆಂಕಿ ನಿಂತದ್ದೇ ಕಾರಣ ಎಂಬುದು ಸೋಲಿಗರ ಮಾತು. ಮೊದಲು ಅದು ಹೇಳಿಕೆ ಮಾತ್ರವಾಗಿತ್ತು, ಆಮೇಲೆ ಸಂಶೋಧನೆಯ ಪ್ರಶ್ನೆಯಾಯಿತು. ಅಡವಿಯವರ ಮಾತು ಪ್ರಬಂಧದ ಅಡಿಟಿಪ್ಪಣಿಯಾಗದೆ ಅದರ ಪ್ರಶ್ನೆಯೇ ಆದದ್ದು ಇಲ್ಲಿನ ವಿಶೇಷ. ಬೇಸಿಗೆಯಲ್ಲಿ ಹುಲ್ಲು ಒಣಗುವ ಜೋಗಿಮಟ್ಟಿಯಲ್ಲೂ ಬೆಂಕಿಯ ಬಗ್ಗೆ ಕುರಿ ಕಾಯುವವರನ್ನು ಕೇಳಿ ಬರೆದಿಡಬೇಕಾದದ್ದು ಬಹಳವಿದೆ.

ಚಿತ್ರದುರ್ಗ ಜಿಲ್ಲೆ ಇಂಥ ಕೂಡು ಕೆಲಸವನ್ನು ಸುಜಲ ಯೋಜನೆಯಲ್ಲಿ ಕಂಡಿತು. ವಿಶ್ವ ಬ್ಯಾಂಕಿನ ನೆರವಿನಿಂದ 2001ರಿಂದ 2009ರವರೆಗೆ ಐದು ಜಿಲ್ಲೆಗಳಲ್ಲಿ ನಡೆದ ಜಲಾನಯನ ಕಾರ್ಯಕ್ರಮ ಅದು. ಊರಿನ ಗುಂಪುಗಳನ್ನು ಕಟ್ಟಿದ್ದು ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು. ಉಪಗ್ರಹ ಚಿತ್ರಗಳ ನೆರವಿನಿಂದ ಫಲಿತಾಂಶ ಅಳೆದದ್ದು ಇಸ್ರೋದ ಆಂಟ್ರಿಕ್ಸ್ ಕಂಪನಿ. ಮುಂದಿನ ಹಂತದಲ್ಲಿ, ಪಕ್ಕದ ದಾವಣಗೆರೆಯೂ ಸೇರಿ ಬೇರೆ ಜಿಲ್ಲೆಗಳಲ್ಲಿ, ಕೃಷಿ ವಿಶ್ವವಿದ್ಯಾಲಯಗಳು ಸರ್ವೆ ನಂಬರಿನ ಮಟ್ಟಕ್ಕೆ ಇಳಿದು ಮಣ್ಣಿನ ಆಳ, ಗುಣಗಳ ನಕ್ಷೆ ಮಾಡಿದವು. ಬದು ಎಲ್ಲಿ, ಕೃಷಿ ಹೊಂಡ ಎಲ್ಲಿ ಎಂಬುದು ಆ ನಕ್ಷೆಯಿಂದ ಗೊತ್ತಾಗುತ್ತದೆ. ಯಾರ ಹೊಲದ ಬದುವಿನಿಂದ ಯಾರ ಜೊತೆ ಜಗಳ ಎಂಬುದು ಗೊತ್ತಾಗುವುದಿಲ್ಲ. ಅದು ಗುಂಪು ಕಟ್ಟಿದವರಿಗೆ ಗೊತ್ತು.

ವಿದ್ಯಾಸಂಸ್ಥೆ, ಸ್ವಯಂಸೇವಾ ಸಂಸ್ಥೆಗಳ ಸಂಬಂಧ ಯಾವಾಗಲೂ ಸ್ನೇಹದ್ದಲ್ಲ. ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 1500 ಎಕರೆಯ ಆವರಣ ಪಡೆದು ಶಿಕ್ಷಕರಿಗೆ ತರಬೇತಿ ನಡೆಸುತ್ತಿದೆ. ಆ ಆವರಣವಿರುವ ಅಮೃತಮಹಲ್ ಕಾವಲಿನ ಹುಲ್ಲುಗಾವಲನ್ನು ಹಲವು ಸಂಸ್ಥೆಗಳಿಗೆ ಕೊಟ್ಟದ್ದನ್ನು ಪ್ರಶ್ನಿಸಿ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಲಾಭರಹಿತ ಸಂಸ್ಥೆ 2013ರಲ್ಲಿ ಹಸಿರು ನ್ಯಾಯಮಂಡಳಿಗೆ ಹೋಯಿತು. ದನ, ಕುರಿ ಮೇಯಿಸುತ್ತಿದ್ದ ಹಳ್ಳಿಗರೂ ವಿರೋಧಿಸಿದ್ದರು. ವಿದ್ಯಾಸಂಸ್ಥೆ ಹಳ್ಳಿಗೆ ಜ್ಞಾನ ತರಬಲ್ಲದು, ಹಳ್ಳಿಯ ಹುಲ್ಲನ್ನೂ ಕಳೆಯಬಲ್ಲದು. ವಿಶ್ವವಿದ್ಯಾಲಯ, ಸ್ವಯಂಸೇವಾ ಸಂಸ್ಥೆಗಳ ನಡುವೆ ಒಡಂಬಡಿಕೆಯ ಮಾತು ಬಂದಾಗ ಈ ಎರಡನೆಯದನ್ನು ಮರೆಯುವುದು ಸುಲಭ.

ಜೋಗಿಮಟ್ಟಿಯ ಆಸುಪಾಸಿನಲ್ಲಿ ಕೆಲಸಕ್ಕೆ ಬೇಕಾದ ಸಂಸ್ಥೆಗಳಿವೆ. 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಚಿತ್ರದುರ್ಗದ ಜಿ.ಆರ್. ಹಳ್ಳಿಯಲ್ಲಿದೆ; ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಎರಡೂ ಇವೆ. ಸಾಲದ್ದು ಕಾಲ. ಇದೇ ಜಿಲ್ಲೆಯಲ್ಲಿ 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಮಳೆಯ ಲೆಕ್ಕ ಇಷ್ಟು ಉದ್ದವಿರುವಲ್ಲಿ ಮೂರು ವರ್ಷದ ಅನುದಾನ ಮುಗಿದ ದಿನವೇ ಬಾವಿಯ ನೀರಿನ ಮಟ್ಟ ಬರೆಯುವುದು ನಿಂತರೆ ಆ ಅಂಕಿಗಳಿಂದ ತಿಳಿಯುವುದು ಅಲ್ಪ. ಅನುದಾನ ಮುಗಿದರೂ ವಿಶ್ವವಿದ್ಯಾಲಯದ ವಿಭಾಗ ಇರುತ್ತದೆ, ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬರುತ್ತಾರೆ. ದಾಖಲೆ ಮುಂದುವರಿಸುವ ಕೆಲಸ ಸಹಜವಾಗಿ ಅದರದೇ. ವರದಿ ಕನ್ನಡದಲ್ಲಿ ಪಂಚಾಯಿತಿಗೆ ತಲುಪಬೇಕು, ಮಾಹಿತಿ ಯಾರ ವಶದಲ್ಲಿರುತ್ತದೆ ಎಂಬುದು ಮೊದಲೇ ತೀರ್ಮಾನವಾಗಬೇಕು, ಅಳತೆ ಬರೆಯುವ ಊರಿನ ಹುಡುಗಿಗೆ ಕೂಲಿ ಸಿಗಬೇಕು: ಒಡಂಬಡಿಕೆಯ ಪತ್ರದಲ್ಲಿ ಇವು ಸಣ್ಣ ಸಾಲುಗಳು. ಇಂದು ಪದವಿ ಪಡೆಯುತ್ತಿರುವವರಲ್ಲಿ ಕೆಲವರು ಆ ಪತ್ರಕ್ಕೆ ವಿಶ್ವವಿದ್ಯಾಲಯದ ಕಡೆಯಿಂದ ಸಹಿ ಹಾಕುತ್ತಾರೆ, ಕೆಲವರು ಸಂಸ್ಥೆಯ ಕಡೆಯಿಂದ. ಇನ್ನು ಕೆಲವರು ತಮ್ಮ ಊರಿಗೇ ಮರಳಿ, ಅದೇ ಪತ್ರವನ್ನು ಪಂಚಾಯಿತಿ ಕಟ್ಟೆಯಲ್ಲಿ ಕೂತು ಓದುತ್ತಾರೆ.